ತೂಕ ಇಳಿಸಿದ್ದೂ ಕಾನೂನು, ಏರಿಸಿದ್ದೂ ಕಾನೂನು: ಬ್ರಿಟನ್ನಿನ ಪುಟ್ಟ ಸ್ಪೋರ್ಟ್ಸ್ ಕಾರುಗಳ ಕತೆ

ಎರಡು ಸಂಖ್ಯೆಗಳಿಂದ ಶುರು ಮಾಡೋಣ. ಇಂಗ್ಲೆಂಡಿನ ಲೋಟಸ್ ಕಂಪನಿ 1962ರಲ್ಲಿ ಎಲಾನ್ ಅನ್ನೋ ತೆರೆದ ಮಾಡಿನ ಕಾರೊಂದನ್ನು ತಂದಿತು. ಅದರ ತೂಕ 650 ಕೆಜಿ ಆಸುಪಾಸು. ನಮ್ಮ ಮಾರುತಿ 800 ಇತ್ತಲ್ಲ, ಹೆಚ್ಚುಕಡಿಮೆ ಅಷ್ಟೇ. ಈಗ ಅದೇ ಲೋಟಸ್ ಹೆಸರಿನಲ್ಲಿ ಚೀನಾದ ವುಹಾನ್‌ನಲ್ಲಿ ತಯಾರಾಗುವ ಎಲೆಟ್ರೆ ಎಂಬ ಎಲೆಕ್ಟ್ರಿಕ್ ಎಸ್‌ಯುವಿ ಸುಮಾರು ಎರಡೂವರೆ ಟನ್ ತೂಗುತ್ತದೆ. 2023ರಲ್ಲಿ ಅದು ಭಾರತಕ್ಕೂ ಬಂತು, ಎರಡೂವರೆ ಕೋಟಿಗೂ ಮೇಲಿನ ಬೆಲೆಗೆ. ಒಂದು ಎಲೆಟ್ರೆ ತೂಕಕ್ಕೆ ಮೂರು ಎಲಾನ್ ಹಾಕಿದರೂ ತಕ್ಕಡಿ ಸಮ ಆಗೋದಿಲ್ಲ.

ಇದನ್ನು ಓದಿ "ಕಾರು ಪ್ರಿಯರ ಹಳಹಳಿಕೆ" ಅಂತ ಪುಟ ಮುಚ್ಚಬೇಡಿ. ಹಗುರ ಕಾರುಗಳ ಬಗ್ಗೆ ಬರೆಯುವವರಲ್ಲಿ ಬಹುತೇಕರು ಗಾಳಿ, ಬಿಸಿಲು, ತಿರುವು, ಜಾಣ ಎಂಜಿನಿಯರ್ ಅಂತ ಕತೆ ಹೇಳ್ತಾರೆ. ಅದೆಲ್ಲ ನಿಜವೇ. ಆದರೆ ಆ ಕಾರುಗಳು ಹಾಗೆ ಯಾಕೆ ಹುಟ್ಟಿದವು, ಯಾಕೆ ಸತ್ತವು ಅಂತ ನೋಡುತ್ತಾ ಹೋದರೆ ಪ್ರತಿ ತಿರುವಿನಲ್ಲೂ ಒಂದು ತೆರಿಗೆ, ಒಂದು ರೇಷನ್ ಆದೇಶ, ಒಂದು ವಿನಿಮಯ ದರ, ಒಂದು ಸಂಪುಟ ನಿರ್ಧಾರ ಸಿಗುತ್ತದೆ. ಕಾರಿನ ಆಕಾರವನ್ನು ಎಂಜಿನಿಯರ್ ಎಷ್ಟು ಬರೆಯುತ್ತಾನೋ ಸರ್ಕಾರವೂ ಅಷ್ಟೇ ಬರೆಯುತ್ತದೆ ಅನ್ನೋದು ನನ್ನ ವಾದ.

ಹ್ಯಾಂಡ್ಲಿಂಗ್ ಅಂದ್ರೆ ಏನು?

ಮೊದಲು ಸ್ವಲ್ಪ ಭೌತಶಾಸ್ತ್ರ. ನಾನು ಮೆಕ್ಯಾನಿಕಲ್ ಓದಿ ಪತ್ರಿಕೋದ್ಯಮಕ್ಕೆ ಬಂದವನು, ಈ ಒಂದು ಭಾಗವನ್ನು ದಾಟಿಸಿಬಿಡಿ ಅಂತ ನನಗೆ ಹೇಳೋಕಾಗಲ್ಲ.

ಕಾರಿಗೂ ರಸ್ತೆಗೂ ಇರುವ ನಂಟು ನಾಲ್ಕು ಟೈರುಗಳ ಅಂಗೈಯಗಲದ ಜಾಗ ಮಾತ್ರ. ವೇಗ ಹೆಚ್ಚಿಸುವುದು, ಬ್ರೇಕ್ ಹಾಕುವುದು, ತಿರುಗಿಸುವುದು ಎಲ್ಲವೂ ಅಲ್ಲೇ ನಡೆಯಬೇಕು. ಟೈರಿನ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತವೂ ಎರಡು ಪಟ್ಟಾಗುತ್ತದೆ ಅಂತ ನಮಗೆ ಅನ್ನಿಸುತ್ತದೆ. ಆಗಲ್ಲ, ಅದಕ್ಕಿಂತ ಕಡಿಮೆಯೇ ಆಗುತ್ತದೆ. ಹಾಗಾಗಿ ತಿರುವಿನಲ್ಲಿ ಒಳಗಿನ ಚಕ್ರಗಳ ಭಾರ ಹೊರಗಿನ ಚಕ್ರಗಳಿಗೆ ಸರಿದಾಗ, ಹೊರಗಿನವು ಗಳಿಸುವ ಹಿಡಿತ ಒಳಗಿನವು ಕಳೆದುಕೊಂಡಷ್ಟು ಇರುವುದಿಲ್ಲ. ಭಾರ ಹೆಚ್ಚಿದಷ್ಟೂ, ಎತ್ತರ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ಎಂಜಿನ್ ಶಕ್ತಿ ಹೆಚ್ಚಿಸಿದರೆ ನೇರ ರಸ್ತೆಯಲ್ಲಿ ಮಾತ್ರ ವೇಗ ಸಿಗುತ್ತದೆ. ತೂಕ ಕಡಿಮೆ ಮಾಡಿದರೆ ನೇರ ರಸ್ತೆ, ತಿರುವು, ಬ್ರೇಕ್, ಪೆಟ್ರೋಲು, ಟೈರಿನ ಸವೆತ ಎಲ್ಲದರಲ್ಲೂ ಲಾಭ.

ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ 650 ಕೆಜಿ ಕಾರನ್ನು ನಿಲ್ಲಿಸಲು ಸುಮಾರು 250 ಕಿಲೋಜೌಲ್ ಶಕ್ತಿಯನ್ನು ಬ್ರೇಕು ಕರಗಿಸಬೇಕು. ಎರಡೂವರೆ ಟನ್ ಇದ್ದರೆ 965 ಕಿಲೋಜೌಲ್. ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿರುವವರಿಗೆ ಇದು ಬರೀ ಗಣಿತ ಅಲ್ಲ.

ಹ್ಯಾಂಡ್ಲಿಂಗ್ ಅಂದರೆ ಬರೀ ಹಿಡಿತವೂ ಅಲ್ಲ. ಚಾಲಕ ಏನು ಕೇಳುತ್ತಾನೋ ಅದಕ್ಕೆ ಕಾರು ಎಷ್ಟು ಬೇಗ, ಎಷ್ಟು ಸುಳ್ಳಿಲ್ಲದೆ ಉತ್ತರ ಕೊಡುತ್ತದೆ ಅನ್ನೋದು. ಭಾರವೆಲ್ಲ ನಡುವಿನಲ್ಲಿ ಇದ್ದರೆ ಕಾರು ಬೇಗ ತಿರುಗುತ್ತದೆ. ಚಕ್ರ, ಬ್ರೇಕ್, ಆಕ್ಸಲ್‌ನಂತಹ ಸ್ಪ್ರಿಂಗಿನ ಕೆಳಗಿನ ಭಾರ ಕಡಿಮೆ ಇದ್ದರೆ ಗುಂಡಿ ಸಿಕ್ಕಾಗಲೂ ಟೈರು ನೆಲ ಬಿಡುವುದಿಲ್ಲ. ಇಷ್ಟಿದ್ದರೆ ಸ್ಪ್ರಿಂಗನ್ನು ಮೆತ್ತಗೆ ಇಡಬಹುದು. ಒಳ್ಳೆಯ ಲೋಟಸ್ ಕಾರುಗಳು ಎತ್ತಿನ ಗಾಡಿಯ ಹಾಗೆ ಕುಕ್ಕುವುದಿಲ್ಲ ಅನ್ನೋದರ ಗುಟ್ಟು ಇದೇ.

ತೆರೆದ ಮಾಡಿನ ಕಾರಿಗೆ ಇನ್ನೊಂದು ತಲೆನೋವಿದೆ. ಶೂ ಡಬ್ಬಿಯ ಮುಚ್ಚಳ ತೆಗೆದು ಎರಡು ತುದಿ ಹಿಡಿದು ತಿರುಚಿ, ಸುಲಭವಾಗಿ ತಿರುಚಿಕೊಳ್ಳುತ್ತದೆ. ಮಾಡು ತೆಗೆದ ಕಾರೂ ಹಾಗೇ. ಮೈ ತಿರುಚಿದರೆ ಸಸ್ಪೆನ್ಷನ್ನಿನ ಲೆಕ್ಕವೆಲ್ಲ ನೀರುಪಾಲು. ಅದಕ್ಕೆ ಮಾಮೂಲಿ ಪರಿಹಾರ ಅಂದರೆ ಕೆಳಗೆ ಇನ್ನಷ್ಟು ಉಕ್ಕು ತುಂಬುವುದು, ಅಂದರೆ ಮತ್ತೆ ಭಾರ. ಈ ಗಂಟನ್ನು ಬಿಚ್ಚಿದ್ದು ಯಾರು ಅನ್ನೋದಕ್ಕೆ ಆಮೇಲೆ ಬರೋಣ.

ರೇಷನ್ ಉಕ್ಕಿನ ಕಾರು

1921ರಿಂದ ಬ್ರಿಟನ್ನಿನಲ್ಲಿ ಕಾರಿಗೆ ವರ್ಷಕ್ಕೆ ಒಂದು ಅಶ್ವಶಕ್ತಿಗೆ ಒಂದು ಪೌಂಡ್ ತೆರಿಗೆ. ಆದರೆ ಆ ಅಶ್ವಶಕ್ತಿಯನ್ನು ಯಾರೂ ಅಳೆಯುತ್ತಿರಲಿಲ್ಲ. ಸಿಲಿಂಡರಿನ ವ್ಯಾಸ ಮತ್ತು ಸಿಲಿಂಡರುಗಳ ಸಂಖ್ಯೆಯನ್ನು ಒಂದು ಸೂತ್ರಕ್ಕೆ ಹಾಕಿ ಬಂದ ಅಂಕಿಯೇ ಅಶ್ವಶಕ್ತಿ. ಪಿಸ್ಟನ್ ಎಷ್ಟು ಉದ್ದ ಓಡುತ್ತದೆ ಅನ್ನೋದು ಸೂತ್ರದಲ್ಲೇ ಇರಲಿಲ್ಲ. ಹಾಗಾಗಿ ಎಂಜಿನಿಯರುಗಳು ಸಿಲಿಂಡರನ್ನು ಕಿರಿದು ಮಾಡಿ ಉದ್ದ ಎಳೆದರು. ಒಂದಿಡೀ ತಲೆಮಾರಿನ ಬ್ರಿಟಿಷ್ ಎಂಜಿನ್ನುಗಳು ಸಣ್ಣ ಬಾಯಿಯ, ಉದ್ದ ಗಂಟಲಿನ ಎಂಜಿನ್ನುಗಳಾಗಿದ್ದು ಹೀಗೆ. ಎಂಜಿನ್ನೇ ಸಣ್ಣದಾದಾಗ ಕಾರು ಹಗುರ ಇರಲೇಬೇಕಾಯಿತು.

ಇನ್ನೊಂದು ನಿಯಮ ಇನ್ನೂ ನೇರವಾಗಿತ್ತು. ಎಂಟು ಹಂಡ್ರೆಡ್‌ವೇಟ್, ಅಂದರೆ ಸುಮಾರು 406 ಕೆಜಿ ಮೀರದ ಮೂರು ಚಕ್ರದ ಗಾಡಿಗೆ ವರ್ಷಕ್ಕೆ ನಾಲ್ಕೇ ಪೌಂಡ್. ಮಾಲ್ವರ್ನ್ ಊರಿನ ಮೋರ್ಗನ್ ಕಂಪನಿ ಇದೇ ಗೆರೆಯೊಳಗೆ ಮೂರು ಚಕ್ರದ ಸ್ಪೋರ್ಟ್ಸ್ ಕಾರು ಮಾಡಿ ಬದುಕಿತು. (ಮೋರ್ಗನ್ ಈಗಲೂ ಇದೆ, ಈಗಲೂ ಮೈಯ ಚೌಕಟ್ಟಿಗೆ ಆಶ್ ಮರ ಬಳಸುತ್ತದೆ. ಅದು ಬೇರೆಯೇ ಲೋಕ.) ಈ 406 ಕೆಜಿ ಗೆರೆಯನ್ನು ನೆನಪಿಟ್ಟುಕೊಳ್ಳಿ. ಸರ್ಕಾರವೊಂದು ಕಾರಿನ ತೂಕವನ್ನೇ ಕೇಳಿ ತೆರಿಗೆ ಹಾಕಿದ ಕಾಲ ಅದು.

1945. ಯುದ್ಧ ಗೆದ್ದ ಬ್ರಿಟನ್ನಿನ ಬೊಕ್ಕಸ ಖಾಲಿ, ಅಮೆರಿಕದ ಸಾಲ ತಲೆ ಮೇಲೆ. ಲೇಬರ್ ಸರ್ಕಾರದ ವಾಣಿಜ್ಯ ಮಂತ್ರಿ ಸ್ಟ್ಯಾಫರ್ಡ್ ಕ್ರಿಪ್ಸ್ ಕಾರು ಕಂಪನಿಗಳಿಗೆ ಹೇಳಿದ್ದು: ಅರ್ಧದಷ್ಟು ಉತ್ಪಾದನೆ ರಫ್ತಾಗಬೇಕು. ಹೌದು, 1942ರಲ್ಲಿ ನಮ್ಮಲ್ಲಿಗೆ ಬರಿಗೈಯ ಪ್ರಸ್ತಾಪ ಹೊತ್ತು ಬಂದ ಅದೇ ಕ್ರಿಪ್ಸ್. ಉಕ್ಕಿನ ಹಂಚಿಕೆ ರಫ್ತಿನ ಲೆಕ್ಕದ ಮೇಲೆ. ಡಾಲರ್ ತಂದರೆ ಉಕ್ಕು, ಇಲ್ಲದಿದ್ದರೆ ಇಲ್ಲ.

ಆಕ್ಸ್‌ಫರ್ಡ್ ಬಳಿಯ ಅಬಿಂಗ್ಡನ್‌ನಲ್ಲಿದ್ದ ಎಂಜಿ ಕಾರ್ಖಾನೆ ಯುದ್ಧ ಮುಗಿದ ವರ್ಷವೇ ಟಿಸಿ ಅನ್ನೋ ಕಾರು ಹೊರತಂದಿತು. ವಿನ್ಯಾಸ ಯುದ್ಧಕ್ಕೆ ಮೊದಲಿನದು, ಮರದ ಚೌಕಟ್ಟು, 1250 ಸಿಸಿ ಎಂಜಿನ್, 54 ಎಚ್‌ಪಿ. ಆ ಹಳೆಯ ತೆರಿಗೆ ಸೂತ್ರಕ್ಕೆ ಹಾಕಿದರೆ ಅದು 11 ಅಶ್ವಶಕ್ತಿಯ ಕಾರು. ಐದು ವರ್ಷಕ್ಕೆ ಸುಮಾರು 10,000 ಕಾರು, ಅದರಲ್ಲಿ 2,000ದಷ್ಟು ಅಮೆರಿಕಕ್ಕೆ. ಸ್ಟೀರಿಂಗ್ ಬಲಗಡೆಯೇ ಇತ್ತು, ಆದರೂ ಕೊಂಡರು. ಡೆಟ್ರಾಯಿಟ್ ಆಗ ಮಂಚದಂತಹ ಕಾರುಗಳನ್ನು ಮಾಡುತ್ತಿತ್ತು, ತಿರುವಿನಲ್ಲಿ ಬದುಕಿದ್ದೇನೆ ಅನ್ನಿಸುವ ಕಾರು ಅಲ್ಲಿ ಇರಲಿಲ್ಲ. ಮುಂದೆ ಫಾರ್ಮುಲಾ ಒನ್ ಚಾಂಪಿಯನ್ ಆದ ಫಿಲ್ ಹಿಲ್, ಕೋಬ್ರಾ ಕಟ್ಟಿದ ಕ್ಯಾರಲ್ ಶೆಲ್ಬಿ ಇಬ್ಬರೂ ರೇಸಿಂಗಿನ ಮೊದಲ ದಿನಗಳಲ್ಲಿ ಓಡಿಸಿದ್ದು ಎಂಜಿ ಟಿಸಿ. ಅದರ ಹಿಂದೆ ಬಂದ ಟಿಡಿ ಎಡಗಡೆಯ ಸ್ಟೀರಿಂಗಿನಲ್ಲೂ ಸಿಕ್ಕಿತು; ತಯಾರಾದ 30,000ದಷ್ಟರಲ್ಲಿ ಬಹುಪಾಲು ಅಮೆರಿಕದ ಹಡಗು ಹತ್ತಿತು. 1950ರ ಹೊತ್ತಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಕಾರು ರಫ್ತು ಮಾಡುವ ದೇಶ ಬ್ರಿಟನ್.

ಅಂಬಾಸಿಡರ್ ಎಂಜಿನ್, ಹೆರಾಲ್ಡ್ ಸ್ಟೀರಿಂಗ್

ಈ ಕಾರುಗಳ ಬಗ್ಗೆ ನನಗೆ ಅತಿ ಹೆಚ್ಚು ಇಷ್ಟವಾಗುವ ಸಂಗತಿ ಇದು: ಇವುಗಳಲ್ಲಿ ವಿಶೇಷ ಭಾಗಗಳೇ ಇರಲಿಲ್ಲ.

1955ರಲ್ಲಿ ಬಂದ ಎಂಜಿಎ ನೋಡಿ. ಇವತ್ತಿಗೂ ಕಣ್ಣು ನಿಲ್ಲುವ ಮೈಮಾಟ. ಒಳಗಿದ್ದದ್ದು 1489 ಸಿಸಿಯ ಬಿ ಸೀರೀಸ್ ಎಂಜಿನ್. ನಮ್ಮ ಅಂಬಾಸಿಡರ್ ಕಾರಿಗೆ 1950ರ ದಶಕದ ಕೊನೆಯಲ್ಲಿ ಬಂದು ದಶಕಗಟ್ಟಲೆ ಉಳಿದದ್ದೂ ಅದೇ 1489 ಸಿಸಿ ಬಿ ಸೀರೀಸ್. ಎಂಜಿಎಗೆ ಎರಡು ಕಾರ್ಬ್ಯುರೇಟರ್ ಹಾಕಿ ಚುರುಕು ಮಾಡಿದ್ದರು, ಅಷ್ಟೇ ವ್ಯತ್ಯಾಸ. ವಿಧಾನಸೌಧದ ಮುಂದೆ ಕೆಂಪು ಗೂಟ ಹಾಕಿಕೊಂಡು ನಿಂತಿದ್ದ ಕಾರುಗಳ ಎದೆಯೊಳಗೆ ಒಂದು ಸ್ಪೋರ್ಟ್ಸ್ ಕಾರಿನ ದಾಯಾದಿ ಇತ್ತು.

1958ರ ಆಸ್ಟಿನ್ ಹೀಲಿ ಸ್ಪ್ರೈಟ್ ಇನ್ನೂ ಸರಳ. ಎಂಜಿನ್ ಮತ್ತು ಮುಂದಿನ ಸಸ್ಪೆನ್ಷನ್ ಆಸ್ಟಿನ್ ಎ35 ಎಂಬ ಪುಟ್ಟ ಸಂಸಾರಿ ಕಾರಿನದು, ಸ್ಟೀರಿಂಗ್ ಮಾರಿಸ್ ಮೈನರ್‌ನದು. ಬಾಗಿಲಿಗೆ ಹೊರಗಿನಿಂದ ಹಿಡಿ ಇಲ್ಲ, ಡಿಕ್ಕಿಗೆ ಮುಚ್ಚಳವೇ ಇಲ್ಲ, ಸಾಮಾನನ್ನು ಸೀಟಿನ ಹಿಂದಿನಿಂದ ತೂರಿಸಬೇಕು. ಬಾನೆಟ್ ಮೇಲೆ ಎದ್ದು ಕೂತ ಎರಡು ದೀಪಗಳಿಂದಾಗಿ ಜನ ಅದನ್ನು ಕಪ್ಪೆಗಣ್ಣಿನ ಕಾರು ಅಂದರು. ಮೂರು ವರ್ಷದಲ್ಲಿ ಸುಮಾರು 49,000 ಕಾರು ತಯಾರಾದವು. ಹಣವಿಲ್ಲದ ಹುಡುಗರು ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು ಅನ್ನೋದು ಆಗ ಘೋಷಣೆಯಾಗಿರಲಿಲ್ಲ, ನಿಜವಾಗಿತ್ತು.

1962ರ ಟ್ರಯಂಫ್ ಸ್ಪಿಟ್‌ಫೈರ್ ಕೂಡ ಹಾಗೇ, ಅದರ ಬುಡ ಟ್ರಯಂಫ್ ಹೆರಾಲ್ಡ್. ಅದೇ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ತಯಾರಾಗಿ ಬೆಂಗಳೂರು, ಮೈಸೂರಿನ ಬೀದಿಗಳಲ್ಲಿ ಓಡಾಡಿತು. ನಿಮ್ಮ ಅಜ್ಜನನ್ನು ಕೇಳಿ. ಹೆರಾಲ್ಡ್ ಮತ್ತು ಸ್ಪಿಟ್‌ಫೈರ್ ಎರಡಕ್ಕೂ ಒಂದೇ ರೋಗ, ಹಿಂದಿನ ಚಕ್ರಗಳ ಸ್ವಿಂಗ್ ಆಕ್ಸಲ್. ತಿರುವಿನ ನಡುವೆ ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ಎದ್ದು, ಚಕ್ರ ಒಳಕ್ಕೆ ಮಡಚಿಕೊಂಡು, ಕಾರು ಗಿರಕಿ ಹೊಡೆಯುತ್ತಿತ್ತು. ಅಮೆರಿಕದಲ್ಲಿ ರಾಲ್ಫ್ ನೇಡರ್ 1965ರ ತನ್ನ ಪುಸ್ತಕದಲ್ಲಿ ಷೆವರ್ಲೆ ಕಾರ್ವೇರ್ ಮೇಲೆ ಮಾಡಿದ ಆರೋಪವೂ ಸ್ವಿಂಗ್ ಆಕ್ಸಲ್ಲಿನದ್ದೇ. ಸ್ಪಿಟ್‌ಫೈರ್‌ಗೆ ಔಷಧಿ ಸಿಕ್ಕಿದ್ದು 1970ರಲ್ಲಿ. ಹಗುರ ಬ್ರಿಟಿಷ್ ಕಾರು ಅಂದ ಮಾತ್ರಕ್ಕೆ ಹ್ಯಾಂಡ್ಲಿಂಗ್ ದೇವರು ಅಂತ ಕೈ ಮುಗಿಯಬೇಕಿಲ್ಲ.

ಚಾಪ್‌ಮನ್ ಲೆಕ್ಕ

ಈಗ ಆ ಶೂ ಡಬ್ಬಿಯ ಗಂಟಿಗೆ ಬರೋಣ. ಕಾಲಿನ್ ಚಾಪ್‌ಮನ್, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡ ರಚನೆಯ ಎಂಜಿನಿಯರಿಂಗ್ ಓದಿದವನು. 1948ರಲ್ಲಿ ಹಳೆಯ ಆಸ್ಟಿನ್ 7 ಒಂದನ್ನು ಬಿಚ್ಚಿ ಮೊದಲ ಕಾರು ಕಟ್ಟಿದ. ಆಗ ಇಂಗ್ಲೆಂಡಿನಲ್ಲಿ ಎರಡು ವಸ್ತು ಧಾರಾಳವಾಗಿದ್ದವು: ಅಗ್ಗದ ಆಸ್ಟಿನ್ 7ಗಳು, ಮತ್ತು ಯುದ್ಧ ಮುಗಿದು ಖಾಲಿ ಬಿದ್ದ ವಿಮಾನ ನಿಲ್ದಾಣಗಳು. ಸಿಲ್ವರ್‌ಸ್ಟೋನ್, ಗುಡ್‌ವುಡ್, ಸ್ನೆಟರ್ಟನ್ ಎಲ್ಲವೂ ವಿಮಾನ ನಿಲ್ದಾಣಗಳಾಗಿದ್ದು ರೇಸ್ ಟ್ರ್ಯಾಕುಗಳಾದವು. ಲೋಟಸ್ ಈಗ ಇರುವ ನಾರ್ಫಕ್‌ನ ಹೆಥೆಲ್ ಕೂಡ ಯುದ್ಧಕಾಲದ ವಿಮಾನ ನೆಲೆಯೇ.

ಚಾಪ್‌ಮನ್ ಸೇತುವೆ ಕಟ್ಟುವವನ ಕಣ್ಣಿನಿಂದ ಕಾರು ನೋಡಿದ. ಈ ಕೊಳವೆ ಯಾವ ಭಾರ ಹೊರುತ್ತಿದೆ? ಏನನ್ನೂ ಹೊರದಿದ್ದರೆ ಅದು ಯಾಕಿದೆ? ಸರಳ ಮಾಡು, ಆಮೇಲೆ ಹಗುರತೆ ಸೇರಿಸು ಅನ್ನೋ ಅರ್ಥದ ಮಾತು ಅವನ ಹೆಸರಿನಲ್ಲೇ ಓಡಾಡುತ್ತದೆ. 1957ರ ಲೋಟಸ್ ಸೆವೆನ್ ಅಂದರೆ ತೆಳು ಕೊಳವೆಗಳ ಪಂಜರ, ಮೇಲೆ ಅಲ್ಯೂಮಿನಿಯಂ ಹಾಳೆ, ನಾಲ್ಕು ಚಕ್ರ. ಬಾಗಿಲೂ ಇಲ್ಲ.

1962ರ ಎಲಾನ್ ಅವನ ಕಂಪನಿಯ ಶ್ರೇಷ್ಠ ಕೆಲಸ. ವಿನ್ಯಾಸದ ಹೊಣೆ ರಾನ್ ಹಿಕ್‌ಮನ್‌ದು. ಮುಂದೆ ಬ್ಲಾಕ್ ಅಂಡ್ ಡೆಕ್ಕರ್ ವರ್ಕ್‌ಮೇಟ್ ಅನ್ನೋ ಮಡಚುವ ಕೆಲಸದ ಮೇಜು ಕಂಡುಹಿಡಿದವನೂ ಇವನೇ. ತೆಳು ಉಕ್ಕಿನ ಹಾಳೆಯನ್ನು ಪೆಟ್ಟಿಗೆಯಾಕಾರಕ್ಕೆ ಮಡಚಿ, ಕಾರಿನ ನಡುವೆ ಒಂದು ಬೆನ್ನುಮೂಳೆ ಮಾಡಿದರು. ಎರಡೂ ತುದಿಯಲ್ಲಿ ಅದು ಕವಲೊಡೆದು ಚಕ್ರಗಳನ್ನು, ಎಂಜಿನ್ನನ್ನು ಹಿಡಿದುಕೊಳ್ಳುತ್ತದೆ. ಮುಚ್ಚಿದ ಪೆಟ್ಟಿಗೆ ತಿರುಚುವುದು ಕಷ್ಟ, ಹಾಗಾಗಿ ಮಾಡು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೇಲಿನ ಫೈಬರ್‌ಗ್ಲಾಸ್ ಮೈ ಹೆಚ್ಚು ಭಾರ ಹೊರಬೇಕಿಲ್ಲ. 1558 ಸಿಸಿ ಎಂಜಿನ್ನಿನ ಬುಡ ಫೋರ್ಡ್‌ನದು, ತಲೆ ಲೋಟಸ್‌ನದು, 105 ಎಚ್‌ಪಿ. ಇನ್ನು ಮುಂದಿನ ಚಕ್ರದ ಅಪ್‌ರೈಟ್ ಮತ್ತು ಸ್ಟೀರಿಂಗ್ ರ್ಯಾಕ್? ಟ್ರಯಂಫ್ ಹೆರಾಲ್ಡ್ ಕುಟುಂಬದವು! 1990ರ ದಶಕದಲ್ಲಿ ಮೆಕ್ಲಾರೆನ್ ಎಫ್1 ಎಂಬ ಮಹಾ ಕಾರು ಕಟ್ಟಿದ ಗಾರ್ಡನ್ ಮರ್ರೆ, ಎಲಾನ್‌ನ ಸ್ಟೀರಿಂಗಿನ ಅನುಭವ ಅದಕ್ಕೆ ತರಲಾಗಲಿಲ್ಲ ಅಂತ ಕೊರಗಿದ್ದು ಪ್ರಸಿದ್ಧ. ಮದ್ರಾಸಿನ ಹೆರಾಲ್ಡ್‌ಗೆ ಬಂಧುವಾದ ರ್ಯಾಕು, 650 ಕೆಜಿ ಕಾರಿಗೆ ಜೋಡಿಸಿದಾಗ, ಜಗತ್ತಿನ ಅತಿ ಒಳ್ಳೆಯ ಸ್ಟೀರಿಂಗ್ ಆಯಿತು.

ಇಲ್ಲೂ ಕಾನೂನು ಬಂತು. ಆಗ ಬ್ರಿಟನ್ನಿನಲ್ಲಿ ಹೊಸ ಕಾರಿಗೆ ಪರ್ಚೇಸ್ ಟ್ಯಾಕ್ಸ್ ವಿಪರೀತ, ಆದರೆ ಬಿಡಿಭಾಗಗಳಾಗಿ ಮಾರಿದ ಕಾರಿಗೆ ಅದು ಇಲ್ಲ. ಹಾಗಾಗಿ ಸೆವೆನ್, ಎಲಾನ್ ಎರಡನ್ನೂ ಲೋಟಸ್ ಡಬ್ಬಿಗಳಲ್ಲಿ ತುಂಬಿ ಮಾರಿತು, ಕೊಂಡವರು ಮನೆಯ ಶೆಡ್ಡಿನಲ್ಲಿ ಜೋಡಿಸಿಕೊಂಡರು. ಜೋಡಿಸುವ ವಿಧಾನ ಕೊಡುವಂತಿಲ್ಲ ಅಂತ ತೆರಿಗೆಯವರು ಅಂದಾಗ ಬಿಚ್ಚುವ ವಿಧಾನ ಬರೆದುಕೊಟ್ಟರು, ಹಿಂದಿನಿಂದ ಮುಂದಕ್ಕೆ ಓದಿಕೊಂಡರೆ ಆಯ್ತು ಅನ್ನೋ ಕತೆಯೂ ಇದೆ. ಸರ್ಕಾರ ಚಾಪೆ ಕೆಳಗೆ ನುಸುಳಿದರೆ ಇವರು ರಂಗೋಲಿ ಕೆಳಗೆ. 1973ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟ ಸೇರಿ ವ್ಯಾಟ್ ಬಂದಾಗ ಈ ಕಿಂಡಿ ಮುಚ್ಚಿತು. ಅದೇ ವರ್ಷ ಸೆವೆನ್ ಹಕ್ಕುಗಳನ್ನು ಲೋಟಸ್ ತನ್ನದೇ ಡೀಲರ್ ಆಗಿದ್ದ ಕೇಟರ್‌ಹ್ಯಾಮ್‌ಗೆ ಮಾರಿತು.

ಚಾಪ್‌ಮನ್‌ನನ್ನು ಸಂತ ಮಾಡುವವರು ಹೇಳದೆ ಬಿಡುವ ಎರಡು ವಿಷಯ ಹೇಳಲೇಬೇಕು. ಒಂದು, ಹಗುರತೆಯ ಬೆಲೆ. 1969ರ ಸ್ಪ್ಯಾನಿಷ್ ಗ್ರ್ಯಾನ್ ಪ್ರಿಯಲ್ಲಿ ಎರಡು ಲೋಟಸ್ ಕಾರುಗಳ ಹಿಂದಿನ ರೆಕ್ಕೆಗಳೂ ಮುರಿದವು. ಚಾಲಕ ಯೋಖೆನ್ ರಿಂಟ್ ಆಮೇಲೆ ಚಾಪ್‌ಮನ್‌ಗೆ ಪತ್ರ ಬರೆದ: ಇನ್ನೊಂದಷ್ಟು ಭಾರ ಸೇರಿಸಿ ದುರ್ಬಲ ಭಾಗಗಳನ್ನು ಗಟ್ಟಿ ಮಾಡು ಅನ್ನೋ ಬೇಡಿಕೆ ಅದರಲ್ಲಿತ್ತು. 1970ರ ಸೆಪ್ಟೆಂಬರಿನಲ್ಲಿ ಮೊಂಜಾದಲ್ಲಿ ಅವನು ಲೋಟಸ್ 72ರಲ್ಲೇ ಸತ್ತ. ಬ್ರೇಕಿನ ಶಾಫ್ಟ್ ಮುರಿದದ್ದು ಕಾರಣ ಎಂಬ ಶಂಕೆ ಇತ್ತು. ಸತ್ತ ಮೇಲೆ ವಿಶ್ವ ಚಾಂಪಿಯನ್ ಆದ ಏಕೈಕ ಫಾರ್ಮುಲಾ ಒನ್ ಚಾಲಕ ಅವನು. ತೂಕ ಇಳಿಸಿದವರೇ ಬೇರೆ, ಆ ತೂಕದ ಮೇಲೆ ಪ್ರಾಣ ಇಟ್ಟವರೇ ಬೇರೆ.

ಎರಡು, ದುಡ್ಡು. ಬೆಲ್‌ಫಾಸ್ಟ್ ಬಳಿ ಸರ್ಕಾರದ ಹಣದಿಂದ ನಿಂತ ಡೆಲೋರಿಯನ್ ಕಾರು ಯೋಜನೆಯ ಎಂಜಿನಿಯರಿಂಗ್ ಮಾಡಿದ್ದು ಲೋಟಸ್. ಅದರಲ್ಲಿ 1.7 ಕೋಟಿ ಡಾಲರಿಗೂ ಹೆಚ್ಚು ಮೊತ್ತ ಕಾರಿಗೆ ಹೋಗದೆ ಬೇರೆಲ್ಲೋ ಹೋಯಿತು. ಚಾಪ್‌ಮನ್ 1982ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡ. 1992ರಲ್ಲಿ ಲೋಟಸ್‌ನ ಹಣಕಾಸು ಮುಖ್ಯಸ್ಥನಿಗೆ ಮೂರು ವರ್ಷ ಜೈಲಾಯಿತು. ಚಾಪ್‌ಮನ್ ಬದುಕಿದ್ದರೆ ಕನಿಷ್ಠ ಹತ್ತು ವರ್ಷ ಆಗುತ್ತಿತ್ತು ಅಂತ ನ್ಯಾಯಾಧೀಶರೇ ಹೇಳಿದರು. ನಿರುದ್ಯೋಗದಲ್ಲಿ ಬೆಂದಿದ್ದ ಉತ್ತರ ಐರ್ಲೆಂಡಿಗೆ ಅಂತ ತೆರಿಗೆದಾರರು ಕೊಟ್ಟ ದುಡ್ಡು ಅದು.

ಅಬಿಂಗ್ಡನ್ ಬಾಗಿಲು ಮುಚ್ಚಿದ್ದು ಯಾರು?

1962ರ ಎಂಜಿಬಿ ಈ ಜಾತಿಯ ಅತಿ ದೊಡ್ಡ ಯಶಸ್ಸು. ಸಿಡ್ ಎನೆವರ್ ವಿನ್ಯಾಸ, 920 ಕೆಜಿ ಆಸುಪಾಸು, ಹದಿನೆಂಟು ವರ್ಷದಲ್ಲಿ ಮಾಡಿದ್ದು, ಮಾಡಿಲ್ಲದ್ದು ಸೇರಿ ಐದು ಲಕ್ಷಕ್ಕೂ ಮೀರಿ ಮಾರಾಟ. ಅದರ ಸಾವಿನ ಬಗ್ಗೆ ಎರಡು ಸಿದ್ಧ ಉತ್ತರಗಳಿವೆ: ಅಮೆರಿಕದ ಸುರಕ್ಷತಾ ನಿಯಮಗಳು ಕೊಂದವು, ಬ್ರಿಟನ್ನಿನ ಕಾರ್ಮಿಕ ಸಂಘಗಳು ಕೊಂದವು. ಎರಡನ್ನೂ ನಾನು ಒಪ್ಪುವುದಿಲ್ಲ.

ನಿಯಮಗಳ ವಿಷಯ ಮೊದಲು. 1970ರ ದಶಕದ ಶುರುವಿನಲ್ಲಿ ಅಮೆರಿಕ ಬಂಪರ್ ಎತ್ತರ, ಹೊಗೆ, ಅಪಘಾತ ರಕ್ಷಣೆಗೆ ಗಟ್ಟಿ ನಿಯಮ ತಂದಿತು. ತರಬೇಕಾಗಿತ್ತು, ಜನ ಸಾಯುತ್ತಿದ್ದರು. ಅದಕ್ಕೆ ಎಂಜಿಬಿ ಕೊಟ್ಟ ಉತ್ತರ ಏನು? 1974ರಲ್ಲಿ ಮುಂದೆ ಹಿಂದೆ ದಪ್ಪ ಕಪ್ಪು ರಬ್ಬರ್ ಬಂಪರ್ ಅಂಟಿಸಿ, ಸಸ್ಪೆನ್ಷನ್ ಎತ್ತಿ ಇಡೀ ಕಾರನ್ನು ಒಂದೂವರೆ ಇಂಚು ಮೇಲಕ್ಕೆ ನಿಲ್ಲಿಸಿದರು. ತಿರುವಿನಲ್ಲಿ ವಾಲುವುದನ್ನು ತಡೆಯುವ ಮುಂದಿನ ಆಂಟಿ ರೋಲ್ ಬಾರನ್ನೂ ಕೆಲಕಾಲ ತೆಗೆದುಹಾಕಿದರು. ಅಮೆರಿಕದ ಕಾರಿಗೆ ಎರಡರ ಬದಲು ಒಂದೇ ಕಾರ್ಬ್ಯುರೇಟರ್. ಎತ್ತರ ಹೆಚ್ಚಿತು, ಭಾರ ಹೆಚ್ಚಿತು, ಶಕ್ತಿ ಇಳಿಯಿತು. ಹ್ಯಾಂಡ್ಲಿಂಗಿಗೆ ಹೆಸರಾದ ಕಾರನ್ನು ಹಾಳು ಮಾಡುವುದು ಹೇಗೆ ಅಂತ ಪಾಠ ಬರೆದ ಹಾಗಿತ್ತು. ಆದರೆ ಇದೇ ನಿಯಮ ಡಾಟ್ಸನ್‌ಗೂ ಇತ್ತು, ಪೋರ್ಷೆಗೂ ಇತ್ತು. ಅವರು ಹೊಸ ಕಾರಿಗೆ ಹಣ ಹಾಕಿದರು. ಎಂಜಿಗೆ ಹಣ ಕೊಡಲಿಲ್ಲ.

ಕೊಡದವರು ಯಾರು ಅಂದರೆ ಬ್ರಿಟಿಷ್ ಲೇಲ್ಯಾಂಡ್. 1968ರಲ್ಲಿ ಸರ್ಕಾರದ ಒತ್ತಾಸೆಯಿಂದ ಎಲ್ಲ ಕಂಪನಿಗಳನ್ನು ಒಂದೇ ಹಗ್ಗಕ್ಕೆ ಕಟ್ಟಿದರು: ಎಂಜಿ, ಟ್ರಯಂಫ್, ಆಸ್ಟಿನ್, ಮಾರಿಸ್, ಜಾಗ್ವಾರ್. 1975ರಲ್ಲಿ ದಿವಾಳಿಯ ಅಂಚಿಗೆ ಬಂದಾಗ ಸರ್ಕಾರವೇ ಒಡೆಯನಾಯಿತು. ಒಳಗೆ ಎಂಜಿಗೂ ಟ್ರಯಂಫ್‌ಗೂ ಸವತಿ ಮತ್ಸರ, ಇದ್ದ ಹಣ ಹೋದದ್ದು ಟ್ರಯಂಫ್ ಟಿಆರ್7ಗೆ. ಅಮೆರಿಕ ತೆರೆದ ಮಾಡಿನ ಕಾರುಗಳನ್ನೇ ನಿಷೇಧಿಸಬಹುದು ಅನ್ನೋ ಭಯದಲ್ಲಿ ಅದನ್ನು ಮಾಡು ಹಾಕಿಯೇ ಹುಟ್ಟಿಸಿದರು. ನಿಷೇಧ ಬರಲೇ ಇಲ್ಲ. ಮುಷ್ಕರ, ಕಳಪೆ ಜೋಡಣೆ ಎಲ್ಲ ಇದ್ದದ್ದು ಟಿಆರ್7 ತಯಾರಾಗುತ್ತಿದ್ದ ಲಿವರ್‌ಪೂಲಿನ ಸ್ಪೀಕ್ ಕಾರ್ಖಾನೆಯಲ್ಲಿ. ಅಬಿಂಗ್ಡನ್ನಿನಲ್ಲಿ ಕಾರ್ಮಿಕ ಸಂಬಂಧಗಳು ಚೆನ್ನಾಗಿದ್ದವು. ಶಿಕ್ಷೆ ಆದದ್ದು ಇವರಿಗೂ.

ಆಮೇಲೆ ಪೌಂಡಿನ ಬೆಲೆ. ಉತ್ತರ ಸಮುದ್ರದ ತೈಲ, ಜೊತೆಗೆ 1979ರಲ್ಲಿ ಬಂದ ಥ್ಯಾಚರ್ ಸರ್ಕಾರದ ಏರಿದ ಬಡ್ಡಿದರ ಸೇರಿ ಪೌಂಡ್ 1980ರಲ್ಲಿ 2.40 ಡಾಲರಿಗೆ ಹೋಯಿತು. ಕಾರಿನ ಬಹುಪಾಲು ಗಿರಾಕಿಗಳು ಅಮೆರಿಕದಲ್ಲಿ, ಖರ್ಚು ಪೌಂಡಿನಲ್ಲಿ, ಆದಾಯ ಡಾಲರಿನಲ್ಲಿ. ಯಾವ ಎಂಜಿನಿಯರ್ ಏನು ಮಾಡಲಿ? 1979ರ ಸೆಪ್ಟೆಂಬರ್ 10ರಂದು ಮುಚ್ಚುವ ಘೋಷಣೆ ಬಂತು. ಆಸ್ಟನ್ ಮಾರ್ಟಿನ್ ನೇತೃತ್ವದ ಗುಂಪೊಂದು ಎಂಜಿಯನ್ನು ಕೊಳ್ಳಲು ಯತ್ನಿಸಿ ಸೋತಿತು. 1980ರ ಅಕ್ಟೋಬರಿನಲ್ಲಿ ಅಬಿಂಗ್ಡನ್ ಬಾಗಿಲು ಹಾಕಿತು. ಸ್ಪಿಟ್‌ಫೈರ್ ಕೂಡ ಅದೇ ವರ್ಷ ಹೋಯಿತು. 1945ರಲ್ಲಿ ಡಾಲರ್ ತರಲು ಹುಟ್ಟಿಸಿದ ಉದ್ಯಮ, ಡಾಲರಿನ ಲೆಕ್ಕದಲ್ಲೇ ಮುಗಿಯಿತು.

ಎಂಜಿ ಹೆಸರಿನ ಮುಂದಿನ ಪಯಣ ಚುಟುಕಾಗಿ: 2000ದಲ್ಲಿ ಬಿಎಂಡಬ್ಲ್ಯು, ಎಂಜಿ ರೋವರನ್ನು 10 ಪೌಂಡಿಗೆ ಫೀನಿಕ್ಸ್ ಎಂಬ ಗುಂಪಿಗೆ ಕೊಟ್ಟು ಕೈ ತೊಳೆದುಕೊಂಡಿತು. 2005ರಲ್ಲಿ ಕಂಪನಿ ಕುಸಿದು ಸುಮಾರು 6,000 ಜನ ಕೆಲಸ ಕಳೆದುಕೊಂಡರು; ನಡೆಸಿದವರು ಅಷ್ಟರಲ್ಲಿ ಸಂಬಳ, ಪಿಂಚಣಿ ಅಂತ ಸುಮಾರು 4.2 ಕೋಟಿ ಪೌಂಡ್ ತೆಗೆದುಕೊಂಡಿದ್ದರು ಅಂತ ತನಿಖಾ ವರದಿ ಹೇಳಿತು. ಹೆಸರು ಚೀನಾದ ಪಾಲಾಯಿತು. 2019ರಿಂದ ನಮ್ಮ ರಸ್ತೆಗಳಲ್ಲಿ ಓಡುವ ಎಂಜಿ ಹೆಕ್ಟರ್‌ಗೆ ಅಬಿಂಗ್ಡನ್ ಜೊತೆ ಇರುವ ನಂಟು ಆ ಎರಡಕ್ಷರ ಮಾತ್ರ.

ಹಿರೋಷಿಮಾದಿಂದ ಬಂದ ಉತ್ತರ

1989ರ ಫೆಬ್ರವರಿ, ಷಿಕಾಗೋ ಮೋಟಾರ್ ಪ್ರದರ್ಶನ. ಮಾಜ್ದಾ ಎಂಎಕ್ಸ್-5 ಅನಾವರಣವಾಯಿತು. ಎಲಾನ್‌ನ ನೆನಪು ಅದರ ಮೂತಿಯ ಮೇಲೇ ಇತ್ತು. ತೂಕ ಟನ್ನಿಗೂ ಕಡಿಮೆ, 1.6 ಲೀಟರ್ ಎಂಜಿನ್, ಮೆತ್ತಗಿನ ಮಾಡು. ಎಣ್ಣೆ ಸೋರುತ್ತಿರಲಿಲ್ಲ, ಮಳೆಯಲ್ಲೂ ಸ್ಟಾರ್ಟ್ ಆಗುತ್ತಿತ್ತು! ಬ್ರಿಟಿಷರು ಬಿಟ್ಟುಹೋದ ಅಂಗಡಿಯಲ್ಲಿ ಗಿರಾಕಿಗಳು ಇನ್ನೂ ಸಾಲುಗಟ್ಟಿ ನಿಂತಿದ್ದರು ಅನ್ನೋದು ಅದರಿಂದ ಗೊತ್ತಾಯಿತು. 2016ರಲ್ಲಿ ಹತ್ತು ಲಕ್ಷ ದಾಟಿತು. ಅಮೆರಿಕದ ಎಲ್ಲ ಸುರಕ್ಷತಾ ನಿಯಮ ಪಾಲಿಸಿಯೇ ಅದು ಹಗುರವಾಗಿತ್ತು. ನಿಯಮಗಳು ಎಂಜಿಬಿಯನ್ನು ಕೊಂದವು ಅನ್ನುವವರಿಗೆ ನನ್ನ ಉತ್ತರ ಈ ಕಾರು.

ಬ್ರಿಟನ್ನಿನಿಂದ ಮತ್ತೊಂದು ಹೊಸ ಮಾತು ಬಂದದ್ದು 1996ರಲ್ಲಿ, ಲೋಟಸ್ ಎಲೀಸ್. ರಿಚರ್ಡ್ ರ್ಯಾಕ್‌ಹ್ಯಾಮ್ ವಿನ್ಯಾಸ ಮಾಡಿದ ಷಾಸಿಯಲ್ಲಿ, ಕಿಟಕಿ ಚೌಕಟ್ಟಿಗೆ ಬಳಸುವ ಹಾಗೆ ಅಚ್ಚಿನಿಂದ ಹಿಂಡಿ ತೆಗೆದ ಅಲ್ಯೂಮಿನಿಯಂ ತುಂಡುಗಳನ್ನು ಬೆಸುಗೆ ಹಾಕದೆ ಎಪಾಕ್ಸಿ ಅಂಟಿನಿಂದ ಅಂಟಿಸಿದ್ದರು. ಬೆಸುಗೆ ಹಾಕಿದರೆ ಶಾಖಕ್ಕೆ ಅಲ್ಯೂಮಿನಿಯಂ ಬಲ ಕಳೆದುಕೊಳ್ಳುತ್ತದೆ, ಆಗ ದಪ್ಪ ತುಂಡು ಬೇಕು. ಅಂಟಾದರೆ ತೆಳುವಾದದ್ದೇ ಸಾಕು. ಷಾಸಿಯ ತೂಕ 68 ಕೆಜಿ, ಒಬ್ಬ ಆಳಿನಷ್ಟು. ಇಡೀ ಕಾರು 725 ಕೆಜಿ ಆಸುಪಾಸು. ಕಾಲೇಜಿನಲ್ಲಿ ನಮ್ಮ ಬಾಹಾ ತಂಡದ ಸೀನಿಯರ್‌ಗಳು ಬ್ರಾಕೆಟ್ಟುಗಳಿಗೆ ತೂತು ಕೊರೆದು 200 ಗ್ರಾಂ ಉಳಿಸಿದೆವು ಅಂತ ಸಂಭ್ರಮಿಸುವಾಗ, ಲ್ಯಾಬಿನ ಗೋಡೆಯ ಮೇಲೆ ಅಂಟಿಸಿದ್ದ ಚಿತ್ರ ಈ ಷಾಸಿಯದ್ದು.

ಮತ್ತು ಇಲ್ಲೇ ಒಂದು ವಿಚಿತ್ರ ತಿರುವು. 2008ರ ಮೊದಲ ಟೆಸ್ಲಾ ರೋಡ್‌ಸ್ಟರ್ ಎಲೀಸ್‌ನ ಷಾಸಿಯನ್ನೇ ಆಧರಿಸಿದ್ದು, ಬಿಡಿಕಾರು ಹೆಥೆಲ್‌ನಲ್ಲೇ ಜೋಡಣೆಯಾಗುತ್ತಿತ್ತು. ಅದರ ಬ್ಯಾಟರಿಯ ತೂಕ ಒಂದೇ ಸುಮಾರು 450 ಕೆಜಿ. ಅಷ್ಟು ಹೊರೆ ಹೊತ್ತೂ ಕಾರು ಓಡಿದ್ದು, ಹೊತ್ತ ಕಾರು ಹಗುರವಾಗಿದ್ದರಿಂದ. ಎಲೆಕ್ಟ್ರಿಕ್ ಯುಗದ ಬಾಗಿಲು ತೆರೆದದ್ದು ಚಾಪ್‌ಮನ್ ಕಂಪನಿಯ ಹಗುರತೆ; ಬಾಗಿಲು ತೆರೆದ ಮೇಲೆ ಒಳಗೆ ಬಂದದ್ದು ಎರಡು ಟನ್ನಿನ ಗಾಡಿಗಳು. ಎಲೀಸ್ 2021ರಲ್ಲಿ ನಿಂತಿತು. 2025ರಲ್ಲಿ ಭಾರತಕ್ಕೆ ಬಂದ ಎಂಜಿ ಸೈಬರ್‌ಸ್ಟರ್ ಎರಡೇ ಸೀಟಿನ ತೆರೆದ ಎಲೆಕ್ಟ್ರಿಕ್ ಕಾರು; ತೂಕ ಎರಡು ಟನ್ನಿಗೆ ಹತ್ತಿರ, ಬೆಲೆ ಮುಕ್ಕಾಲು ಕೋಟಿ.

ತೂಕ ಕೇಳುವ ಸರ್ಕಾರ, ಕೇಳದ ಸರ್ಕಾರ

ಈ ಭಾರ ಪ್ರಕೃತಿ ನಿಯಮವೇನಲ್ಲ. ಫ್ರಾನ್ಸ್ 2022ರಿಂದ 1,800 ಕೆಜಿ ಮೀರಿದ ಕಾರಿಗೆ ಪ್ರತಿ ಹೆಚ್ಚುವರಿ ಕೆಜಿಗೆ 10 ಯೂರೋ ದಂಡ ತೆರಿಗೆ ಹಾಕಿತು, 2024ರಲ್ಲಿ ಆ ಗೆರೆಯನ್ನು 1,600ಕ್ಕೆ ಇಳಿಸಿತು. ಪ್ಯಾರಿಸ್ ಜನ 2024ರ ಫೆಬ್ರವರಿಯಲ್ಲಿ ಭಾರಿ ಕಾರುಗಳ ಪಾರ್ಕಿಂಗ್ ಶುಲ್ಕವನ್ನು ಮೂರು ಪಟ್ಟು ಮಾಡಲು ಮತ ಹಾಕಿದರು. ನಾರ್ವೆ ಈಗ ಎಲೆಕ್ಟ್ರಿಕ್ ಕಾರಿನ ತೂಕಕ್ಕೂ ತೆರಿಗೆ ಕೇಳುತ್ತದೆ. ಜಪಾನ್ ತೂಕದ ಬದಲು ಉದ್ದ, ಅಗಲ, ಎತ್ತರ ಮತ್ತು 660 ಸಿಸಿ ಎಂಬ ಚೌಕಟ್ಟು ಹಾಕಿ, ಅದರೊಳಗೆ ಇರುವ ಕೇ ಕಾರುಗಳಿಗೆ ತೆರಿಗೆ ಇಳಿಸಿತು. ಫಲಿತಾಂಶ ಅದೇ, ಹಗುರ ಕಾರು.

ನಮ್ಮಲ್ಲಿ? ಜಿಎಸ್‌ಟಿ ಕಾರಿನ ಉದ್ದ ಮತ್ತು ಎಂಜಿನ್ ಗಾತ್ರ ಕೇಳುತ್ತದೆ, ಹಾಗಾಗಿ ನಾಲ್ಕು ಮೀಟರಿನೊಳಗೆ ತುರುಕಿದ ಎತ್ತರದ ಗಾಡಿಗಳು. ಕರ್ನಾಟಕದ ಜೀವಿತಾವಧಿ ರಸ್ತೆ ತೆರಿಗೆ ಬೆಲೆ ಕೇಳುತ್ತದೆ. ಇಂಧನ ದಕ್ಷತೆಯ ಕೇಂದ್ರದ ನಿಯಮವಂತೂ ಕಂಪನಿಯ ಕಾರುಗಳ ಸರಾಸರಿ ತೂಕ ಹೆಚ್ಚಿದಷ್ಟೂ ಗುರಿಯನ್ನು ಸಡಿಲ ಮಾಡುತ್ತದೆ. ತೂಕ ಇಳಿಸಿದ ಕಂಪನಿಗೆ ಗುರಿ ಬಿಗಿ, ಏರಿಸಿದ ಕಂಪನಿಗೆ ರಿಯಾಯಿತಿ! ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಎಸ್‌ಯುವಿ ವರ್ಗದವು. ಜನರಿಗೆ ಅದೇ ಬೇಕು ಅಂತ ಕಂಪನಿಗಳು ಹೇಳುತ್ತವೆ. ಕೆಟ್ಟ ರಸ್ತೆ, ಎದುರಿಗೆ ಬರುವ ದೊಡ್ಡ ಗಾಡಿಯ ಭಯ ಎರಡೂ ನಿಜ. ಡಿಕ್ಕಿಯಾದಾಗ ಹಗುರ ಕಾರಿನವರೇ ಹೆಚ್ಚು ಪೆಟ್ಟು ತಿನ್ನುತ್ತಾರೆ, ಅದಕ್ಕೇ ಎಲ್ಲರೂ ಇನ್ನಷ್ಟು ಭಾರದ ಕಾರು ಕೊಳ್ಳುತ್ತಾರೆ, ಅದರಿಂದ ಎಲ್ಲರ ಅಪಾಯವೂ ಏರುತ್ತದೆ. ಕೊನೆಗೆ ಉಳಿಯುವವರು ನಡೆಯುವವರು, ಸೈಕಲ್ಲಿನವರು, ಸ್ಕೂಟರಿನವರು. ಅವರಿಗೆ ಕೊಳ್ಳಲು ಭಾರ ಸಿಗುವುದಿಲ್ಲ.

ಇಷ್ಟರ ನಡುವೆ ಲೋಟಸ್ ಸೆವೆನ್ ಮಾತ್ರ ಸತ್ತಿಲ್ಲ. ಅದರ ಹಕ್ಕು ಪಡೆದ ಕೇಟರ್‌ಹ್ಯಾಮ್ ಅದೇ ಆಕಾರದ ಕಾರನ್ನು ಈಗಲೂ ಮಾಡುತ್ತದೆ, ಬ್ರಿಟನ್ನಿನಲ್ಲಿ ಈಗಲೂ ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಳ್ಳಬಹುದು. 2021ರಿಂದ ಕಂಪನಿಯ ಒಡೆಯರು ಜಪಾನಿನವರು. ಅದೇ ವರ್ಷ ಬಂದ ಸೆವೆನ್ 170 ಮಾದರಿಯ ತೂಕ 440 ಕೆಜಿ, 1921ರ ಆ ನಾಲ್ಕು ಪೌಂಡಿನ ಗೆರೆಗೆ 34 ಕೆಜಿ ಮಾತ್ರ ಹೆಚ್ಚು. ಅದರ ಎಂಜಿನ್ ಟರ್ಬೋ ಹಾಕಿದ 660 ಸಿಸಿ ಸುಜುಕಿ, ಜಪಾನಿನ ಕೇ ಕಾರುಗಳದ್ದು, 84 ಎಚ್‌ಪಿ.